ಕಾಲೇಜಿನಿಂದ ‘ಪಾಸ್ ಔಟ್’ ಆದ್ರಾ, ಇಲ್ಲಾ ತಲೆಸುತ್ತಿ ಬಿದ್ರಾ?

‘ಐ ಪಾಸ್ಡ್ ಔಟ್ ಫ್ರಂ ಕಾಲೇಜ್ ಇನ್ 2021.’ ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದ ತಕ್ಷಣ ನಮ್ಮಲ್ಲಿ ಎಷ್ಟೋ ಜನರ ಬಾಯಿಂದ ಬರೋದು ಇದೇ ವಾಕ್ಯ. ಬೆಂಗಳೂರಿನ ಎಚ್‌ಆರ್‌ಗೆ ಇದು ಸಲೀಸಾಗಿ ಅರ್ಥವಾಗುತ್ತೆ. ಆದರೆ ಲಂಡನ್ನಿನಲ್ಲೋ ನ್ಯೂಯಾರ್ಕ್‌ನಲ್ಲೋ ಕೂತ ಮ್ಯಾನೇಜರ್ ಕೇಳಿಸಿಕೊಂಡರೆ? ‘ಕಾಲೇಜಿನ ದೆಸೆಯಿಂದ 2021ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ’ ಅನ್ನೋ ಥರ ಕೇಳಿಸಬಹುದು!

ಕ್ರಿಯಾಪದದ ಜತೆ ಔಟ್, ಅಪ್, ಆಫ್‌ನಂಥ ಪುಟ್ಟ ಪದ ಸೇರಿ ಬೇರೆಯದೇ ಅರ್ಥ ಹುಟ್ಟಿದರೆ ಅದು ಫ್ರೇಸಲ್ ವರ್ಬ್. ನಮ್ಮಲ್ಲೂ ‘ಅವನು ಕೈ ಕೊಟ್ಟ’ ಅಂದರೆ ಕೈಗೂ ಅದಕ್ಕೂ ಸಂಬಂಧ ಇರೋದಿಲ್ಲವಲ್ಲ, ಹಾಗೇ ಇದು. ಬಿಡಿ ಪದಗಳ ಅರ್ಥ ಕೂಡಿಸಿದರೆ ಲೆಕ್ಕ ತಪ್ಪುತ್ತೆ.

‘ಪಾಸ್ ಔಟ್’ಗೆ ಮುಖ್ಯವಾಗಿ ಮೂರು ಅರ್ಥ.

ಪ್ರಜ್ಞೆ ತಪ್ಪುವುದು: ಹೊರದೇಶಗಳಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಅರ್ಥ ಇದೇ. ‘ಶಿ ಪಾಸ್ಡ್ ಔಟ್ ಫ್ರಂ ದ ಹೀಟ್’ ಅಂದರೆ ಸೆಕೆ ತಡೆಯದೆ ಬಿದ್ದಳು. ಇಲ್ಲಿ ‘ಫ್ರಂ’ ಕಾರಣ ಹೇಳುತ್ತೆ. ‘ಫ್ರಂ ಕಾಲೇಜ್’ ಎಡವಟ್ಟಾಗೋದು ಅದಕ್ಕೇ. ಕುಡಿದೋ ಸುಸ್ತಾಗಿಯೋ ಮೈಮೇಲೆ ಎಚ್ಚರವಿಲ್ಲದಂತೆ ನಿದ್ದೆ ಹೋಗುವುದಕ್ಕೂ ಇದೇ ಮಾತು.

ಹಂಚುವುದು: ‘ಪಾಸ್ ಔಟ್ ದ ಪೇಪರ್ಸ್’ ಅಂದರೆ ಕಾಗದ ಹಂಚಿ ಅಂತ. ಅಮೆರಿಕದಲ್ಲಿ ಬಳಕೆ ಹೆಚ್ಚು. ‘ದೆಮ್’ ಬಂದರೆ ಅದು ಮಧ್ಯದಲ್ಲೇ ಕೂರಬೇಕು: ‘ಪಾಸ್ ದೆಮ್ ಔಟ್’.

ತರಬೇತಿ ಮುಗಿಸುವುದು: ಇದು ಬ್ರಿಟಿಷ್ ಸೇನೆಯ ಮಾತು. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಈಗಲೂ ನಡೆಯುವ ‘ಪಾಸಿಂಗ್ ಔಟ್ ಪರೇಡ್’ ಗೊತ್ತಲ್ಲ? ನಮ್ಮ ಪತ್ರಿಕೆಗಳು ಅದನ್ನೇ ‘ನಿರ್ಗಮನ ಪಥಸಂಚಲನ’ ಅಂತ ಬರೆಯೋದು.

ಕಾಲೇಜು ಮುಗಿಸುವ ನಮ್ಮ ‘ಪಾಸ್ ಔಟ್’ ಈ ಮೂರನೆಯದಕ್ಕೆ ಹತ್ತಿರ. ಹಾಗಾಗಿ ಅದನ್ನು ತಪ್ಪು ಇಂಗ್ಲಿಷ್ ಅಂತ ಹೀಯಾಳಿಸಬೇಕಿಲ್ಲ. ಇಡೀ ದೇಶಕ್ಕೆ ಅರ್ಥವಾಗುವ ಮಾತು ಅದು. ‘2024 ಪಾಸ್‌ಔಟ್ಸ್’ ಬೇಕು ಅಂತ ಕಂಪನಿಗಳೇ ಜಾಹೀರಾತು ಕೊಡುತ್ತವೆ. ಆದರೆ ಓದುವವರು ಹೊರಗಿನವರಾಗಿದ್ದರೆ ‘ಐ ಗ್ರಾಜುಯೇಟೆಡ್ ಇನ್ 2021’ ಅನ್ನಿ. ಪಿಯುಸಿ, ಡಿಪ್ಲೊಮಾಗೆ ‘ಕಂಪ್ಲೀಟೆಡ್’ ಸಾಕು. ಪರೀಕ್ಷೆ ಪಾಸಾಗಿದ್ದರೆ ಬರೀ ‘ಪಾಸ್ಡ್’, ‘ಔಟ್’ ಬೇಡ.

ರೆಸ್ಯೂಮೆಯಲ್ಲಾದರೆ ನಕ್ಕು ಸುಮ್ಮನಾಗಬಹುದು. ಸಾವಿನ ಸುದ್ದಿಯಲ್ಲಿ ಹಾಗಾಗೋದಿಲ್ಲ. ತೀರಿಕೊಂಡರು ಅನ್ನಲು ‘ಪಾಸ್ಡ್ ಅವೇ’ ಅನ್ನಬೇಕು. ಅಮೆರಿಕದಲ್ಲಿ ಬರೀ ‘ಪಾಸ್ಡ್’ ಅಂದರೂ ಅದೇ ಅರ್ಥ. ಅಜ್ಜಿ ಹೋಗಿಬಿಟ್ಟರು ಅಂತ ಟೀಮ್ ಗ್ರೂಪಿನಲ್ಲಿ ತಿಳಿಸುವಾಗ ಆತುರದಲ್ಲಿ ‘ಪಾಸ್ಡ್ ಔಟ್’ ಅಂತ ಟೈಪ್ ಮಾಡಿದರೆ, ‘ಬೇಗ ಹುಷಾರಾಗಲಿ’ ಅನ್ನೋ ಉತ್ತರ ಬರುತ್ತೆ. ಆ ಹೊತ್ತಿನಲ್ಲಿ ಅದನ್ನು ಓದೋದು ಎಷ್ಟು ಸಂಕಟ!

ತುರ್ತು ಕರೆಯಲ್ಲಂತೂ ಇನ್ನೂ ಜೋಪಾನ. ಮಕ್ಕಳನ್ನು ನೋಡಲು ವಿದೇಶಕ್ಕೆ ಹೋದ ಅಪ್ಪ ಅಲ್ಲಿ ದಿಢೀರನೆ ಕುಸಿದರು ಅನ್ನಿ. ಅಮೆರಿಕದಲ್ಲಾದರೆ 911, ಬ್ರಿಟನ್‌ನಲ್ಲಾದರೆ 999ಕ್ಕೆ ಫೋನ್ ಮಾಡಬೇಕು. ‘ಹಿ ಪಾಸ್ಡ್ ಔಟ್’ ಸರಿಯಾದ ವಾಕ್ಯವೇ. ಆದರೆ ಗಾಬರಿಯಲ್ಲಿ ‘ಔಟ್’ ಬದಲು ‘ಅವೇ’ ಅಂದುಬಿಟ್ಟರೆ? ಅದರ ಬದಲು ‘ಹಿ ಈಸ್ ಅನ್‌ಕಾನ್ಷಸ್’ ಅನ್ನಿ. ಉಸಿರಾಡುತ್ತಿದ್ದರೆ ‘ಹಿ ಈಸ್ ಬ್ರೀದಿಂಗ್’, ಇಲ್ಲದಿದ್ದರೆ ‘ಹಿ ಈಸ್ ನಾಟ್ ಬ್ರೀದಿಂಗ್’ ಅಂತ ಕೂಡಲೇ ಸೇರಿಸಿ. ಆ ಕಡೆಯವರು ಮೊದಮೊದಲೇ ಕೇಳೋದು ಉಸಿರಿನ ಬಗ್ಗೆಯೇ.

ಈ ವಾಕ್ಯಗಳನ್ನು ಅಪ್ಪ-ಅಮ್ಮನಿಗೂ ಹೇಳಿಕೊಡಿ. ನೀವು ಆಫೀಸಿನಲ್ಲಿದ್ದಾಗ ಫೋನ್ ಎತ್ತಿಕೊಳ್ಳಬೇಕಾಗೋದು ಅವರೇ ತಾನೆ?