ಕ್ವಾರಂಟೈನ್‌ಗೆ ಒಳಪಟ್ಟ ಕಡತಗಳು: ಅಳಿಸುವ ಅಥವಾ ಮರಳಿಸುವ ಮುನ್ನ

ಗ್ರಾಮ ಪಂಚಾಯತಿ ಕಚೇರಿಯ ಗಣಕಯಂತ್ರದಲ್ಲಿ ತೆರಿಗೆ ಬೇಡಿಕೆ ಪಟ್ಟಿಯಾಗಲಿ ಫಲಾನುಭವಿಗಳ ಪಟ್ಟಿಯಾಗಲಿ ಇದ್ದಕ್ಕಿದ್ದಂತೆ ಕಾಣದಾದರೆ, ಅದು ಅಳಿದುಹೋಯಿತೆಂದು ಸಿಬ್ಬಂದಿ ಗಾಬರಿಗೊಳ್ಳುವುದು ಸಹಜ. ಆದರೆ ಕೆಲವೊಮ್ಮೆ ಆಂಟಿವೈರಸ್ ತಂತ್ರಾಂಶವು ಅದನ್ನು ಕ್ವಾರಂಟೈನ್‌ನಲ್ಲಿ ಇರಿಸಿರುತ್ತದೆ. ಕೋವಿಡ್ ಕಾಲದಲ್ಲಿ ಗ್ರಾಮಗಳಿಗೆ ಪರಿಚಿತವಾದ ಈ ಪದಕ್ಕೆ ಇಲ್ಲಿಯೂ ಅದೇ ಅರ್ಥ: ಸೋಂಕಿನ ಶಂಕೆ ಇರುವುದನ್ನು ಉಳಿದವುಗಳಿಂದ ದೂರವಿರಿಸುವುದು.

ಹೀಗೆ ಪ್ರತ್ಯೇಕಿಸಿದ ಕಡತವು ಮೂಲಸ್ಥಾನದಿಂದ ಸುರಕ್ಷಿತ ಕೋಶಕ್ಕೆ ವರ್ಗಾವಣೆಯಾಗುತ್ತದೆ. ಅಲ್ಲಿ ಅದು ತೆರೆಯಲಾರದು, ಚಾಲನೆಗೊಳ್ಳಲಾರದು. ಆದುದರಿಂದ ಅದು ಅಲ್ಲಿರುವವರೆಗೆ ಆತುರದ ತೀರ್ಮಾನಕ್ಕೆ ಕಾರಣವಿಲ್ಲ. ಆದರೆ ಕೆಲವು ತಂತ್ರಾಂಶಗಳು ನಿಗದಿತ ದಿನಗಳ ನಂತರ ಅದನ್ನು ತಾವೇ ಅಳಿಸುವುದರಿಂದ ಪರಿಶೀಲನೆಯನ್ನು ಮುಂದೂಡುವುದೂ ಸಲ್ಲದು.

ವಿಂಡೋಸ್ ಗಣಕಯಂತ್ರಗಳಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ತೆರೆದು, ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ ವಿಭಾಗದ ‘ಪ್ರೊಟೆಕ್ಷನ್ ಹಿಸ್ಟರಿ’ಯಲ್ಲಿ ಕಡತದ ಹೆಸರು, ಅದು ಇದ್ದ ಸ್ಥಳ, ಪತ್ತೆಯಾದ ಬೆದರಿಕೆಯ ಹೆಸರು ಹಾಗೂ ದಿನಾಂಕವನ್ನು ನೋಡಬಹುದು. ಅಲ್ಲಿ ‘ರಿಮೂವ್’ ಎಂದರೆ ಶಾಶ್ವತವಾಗಿ ಅಳಿಸುವುದು. ‘ರಿಸ್ಟೋರ್’ ಎಂದರೆ ಮೂಲಸ್ಥಾನಕ್ಕೆ ಮರಳಿಸುವುದು.

ಅಪರಿಚಿತ ಇ-ಮೇಲ್ ಅಥವಾ ಪೆನ್‌ಡ್ರೈವ್ ಮೂಲಕ ಬಂದ, ಕಚೇರಿಗೆ ಸಂಬಂಧಿಸದ ಕಡತವನ್ನು ಅಳಿಸುವುದೇ ಸೂಕ್ತ. ನಿರುಪದ್ರವಿ ಕಡತಗಳೂ, ವಿಶೇಷವಾಗಿ ಮ್ಯಾಕ್ರೋ ಅಳವಡಿಸಿದ ಎಕ್ಸೆಲ್ ಹಾಳೆಗಳು, ಒಮ್ಮೊಮ್ಮೆ ತಪ್ಪಾಗಿ ಸಿಕ್ಕಿಬೀಳುವುದುಂಟು. ಆಗಲೂ ನೇರವಾಗಿ ಮರಳಿಸುವ ಬದಲು, ಕಳುಹಿಸಿದ ಕಚೇರಿಯಿಂದ ಹೊಸ ಪ್ರತಿ ಪಡೆದು, ಆಂಟಿವೈರಸ್ ನವೀಕರಿಸಿ ಪರೀಕ್ಷಿಸತಕ್ಕದ್ದು. ಸೋಂಕಿತ ಕಡತವೊಂದನ್ನು ಮರಳಿಸಿದರೆ ಆಸ್ತಿ ವಿವರಗಳು, ಬಿಲ್ಲುಗಳು ಸೇರಿದಂತೆ ಗಣಕಯಂತ್ರದಲ್ಲಿರುವ ಎಲ್ಲ ದಾಖಲೆಗಳೂ ಬೀಗಬಿದ್ದಂತಾಗುವ ಅಪಾಯವಿದೆ.

ಸಂದೇಹ ನಿವಾರಣೆಗೆಂದು ಸಾರ್ವಜನಿಕರ ಆಧಾರ್ ಅಥವಾ ಬ್ಯಾಂಕ್ ಖಾತೆಯ ವಿವರವುಳ್ಳ ಕಡತವನ್ನು ವೈರಸ್‌ಟೋಟಲ್‌ನಂತಹ ಜಾಲತಾಣಕ್ಕೆ ಏರಿಸಬಾರದು. ಅಲ್ಲಿ ಸಲ್ಲಿಸಿದ ಕಡತಗಳು ಇತರ ಭದ್ರತಾ ಸಂಸ್ಥೆಗಳಿಗೂ ಲಭ್ಯವಾಗುತ್ತವೆ.

ಕುತಂತ್ರಾಂಶದ ದಾಳಿ ನಡೆದಿರುವುದು ಗಮನಕ್ಕೆ ಬಂದರೆ, ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು 6 ಗಂಟೆಗಳೊಳಗೆ ವರದಿ ಮಾಡಬೇಕು. ಆದಕಾರಣ ಸಿಬ್ಬಂದಿಯು ಅಭಿವೃದ್ಧಿ ಅಧಿಕಾರಿಗೆ ಕೂಡಲೇ ತಿಳಿಸುವುದು ಅವಶ್ಯ.

ಸದಸ್ಯರು ಗಣಕಯಂತ್ರ ನಿರ್ವಹಣೆಯ ಪರಿಣತರಾಗಬೇಕಿಲ್ಲ. ಕ್ವಾರಂಟೈನ್ ಪಟ್ಟಿಯನ್ನು ಯಾರು, ಎಂದು ಪರಿಶೀಲಿಸಿದರು, ಯಾವ ಕಡತವನ್ನು ಏಕೆ ಅಳಿಸಿದರು ಅಥವಾ ಮರಳಿಸಿದರು, ದಾಖಲೆಗಳ ಪ್ರತ್ಯೇಕ ಪ್ರತಿ ಬೇರೆಡೆ ಇದೆಯೇ ಎಂಬುದನ್ನು ಸಭೆಯಲ್ಲಿ ಕೇಳಿ, ಉತ್ತರವು ವಹಿಯಲ್ಲಿ ದಾಖಲಾಗುವಂತೆ ನೋಡಿಕೊಂಡರೆ ಗ್ರಾಮಸ್ಥರ ದಾಖಲೆಗಳಿಗೆ ಅದೇ ದೊಡ್ಡ ರಕ್ಷಣೆ.