ತೂಕಕ್ಕಾಗಿ ತುತ್ತು ಬಿಟ್ಟವರು

2024ರ ಆಗಸ್ಟ್ 7ರ ಬೆಳಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಅವರ ತೂಕ 50 ಕೆ.ಜಿ. ಮಿತಿಗಿಂತ 100 ಗ್ರಾಂ ಹೆಚ್ಚಿತ್ತು. ರಾತ್ರಿಯಿಡೀ ಬೆವರು ಹರಿಸಿದ್ದರು, ಕೊನೆಗೆ ಕೂದಲಿಗೂ ಕತ್ತರಿ ಹಾಕಿಸಿದ್ದರು. ತೂಕಕ್ಕಾಗಿ ಅನ್ನ, ನೀರು ಬಿಡುವುದು ಕುಸ್ತಿಯ ಹಳೇ ರೂಢಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕ್ರೀಡಾಂಗಣಗಳಿಗೂ ಈ ಮಾತು ದೂರದ್ದಲ್ಲ. ಹಳ್ಳಿಗಳ ಅಚ್ಚುಮೆಚ್ಚಿನ ಕಬಡ್ಡಿಗೂ ತೂಕದ ಮಿತಿಯಿದೆ: ಹಿರಿಯ ಪುರುಷರಿಗೆ 85 ಕೆ.ಜಿ., ಮಹಿಳೆಯರಿಗೆ 75. ಓಟಗಾರರಿಗೆ ಮಿತಿಯಿಲ್ಲ, ಆದರೆ ಸಣ್ಣಗಿದ್ದಷ್ಟೂ ವೇಗ ಎಂಬ ನಂಬಿಕೆಯಿದೆ.

ಪಂದ್ಯ ಮುಗಿದ ಮೇಲೂ ತುತ್ತು ಲೆಕ್ಕ ಹಾಕುವುದು, ಗಬಗಬ ತಿಂದು ಕದ್ದು ವಾಂತಿ ಮಾಡುವುದು ಶುರುವಾದರೆ ಅದು ಕಾಯಿಲೆ. 2004ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಉನ್ನತ ಮಟ್ಟದ ಕ್ರೀಡಾಪಟುಗಳ ಪೈಕಿ ಶೇ 13.5 ಮಂದಿಗೆ ಆಹಾರ ಸೇವನೆಯ ತೊಂದರೆಯಿತ್ತು. ಕ್ರೀಡಾಪಟುಗಳಲ್ಲದವರಲ್ಲಿ ಇದು ಶೇ 4.6. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ.

ಸುಳಿವು ತಟ್ಟೆಯಲ್ಲೇ ಸಿಗುತ್ತದೆ. ಬಿಸಿಯೂಟದ ಮೊಟ್ಟೆಯ ಹಳದಿ ಬಿಡಿಸಿ ಪಕ್ಕದವಳ ತಟ್ಟೆಗೆ ಹಾಕುವ ಹುಡುಗಿ, ಮುದ್ದೆ ಮುರಿದು ಮುರಿದು ಹಾಗೇ ಬಿಟ್ಟೇಳುವ ಹುಡುಗ. ಆಮೇಲೆ ಸದಾ ಚಳಿ, ಸುಸ್ತು, ಮೂಳೆಯಲ್ಲಿ ಪದೇ ಪದೇ ಬಿರುಕು, ಊದಿದ ಕೆನ್ನೆ, ಬೆರಳ ಗೆಣ್ಣಿನ ಮೇಲೆ ಹಲ್ಲಿನ ಗುರುತು. ಮೂರು ತಿಂಗಳು ಮುಟ್ಟು ನಿಂತರೂ 'ಓಡ್ತಾಳಲ್ಲ, ಅದಕ್ಕೇ' ಎಂದು ಮನೆಯವರು ಸುಮ್ಮನಾಗುವುದುಂಟು. ದುಡಿಮೆಗೆ ತಕ್ಕ ಊಟವಿಲ್ಲದೆ ದೇಹ ಹೀಗೆ ಸೊರಗುವುದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ 'ರೆಡ್-ಎಸ್' ಎಂದು ಹೆಸರಿಟ್ಟಿತು.

ಮೊದಲು ಕಣ್ಣಿಗೆ ಬೀಳುವುದು ಪಿ.ಟಿ. ಮೇಷ್ಟ್ರಿಗೆ. ಎಲ್ಲರೆದುರು ತೂಗಿ ಗೇಲಿ ಮಾಡುವ ಬದಲು ಪಕ್ಕಕ್ಕೆ ಕರೆದು, 'ಯಾಕವ್ವ, ಈಚೆಗೆ ಸುಸ್ತಾಗಿ ಕಾಣ್ತೀಯ?' ಎಂದರೆ ಮಾತು ಹೊರಬಂದೀತು. ಬಲವಂತವಾಗಿ ಉಣ್ಣಿಸಿದರೆ ಗುಟ್ಟು ಇನ್ನೂ ಆಳಕ್ಕಿಳಿಯುತ್ತದೆ. ಮುಂದಿನದು ವೈದ್ಯರ ಕೆಲಸ: ನಾಡಿಬಡಿತ, ರಕ್ತದ ಪೊಟ್ಯಾಸಿಯಂ ನೋಡಬೇಕು; ವಾಂತಿಯಿಂದ ಪೊಟ್ಯಾಸಿಯಂ ಕುಸಿದರೆ ಹೃದಯದ ಲಯವೇ ತಪ್ಪಬಹುದು. ಅಭ್ಯಾಸ ಕಡಿಮೆ ಮಾಡಿ, ಆಹಾರ ತಜ್ಞರು ಮತ್ತು ಮನೋವೈದ್ಯರು ಜೊತೆಗೂಡಿ ನೋಡಿಕೊಳ್ಳಬೇಕು. ರಾಗಿ, ಅವರೆಕಾಳು, ಪಾವಗಡದ ಕಡಲೆಕಾಯಿ ಇರುವ ಊರಿನಲ್ಲಿ ದುಬಾರಿ ಪ್ರೋಟೀನ್ ಪುಡಿಯ ಡಬ್ಬಿ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮಾನಸಿಕ ಆರೋಗ್ಯದ 'ಮನೋಚೈತನ್ಯ' ಕ್ಲಿನಿಕ್ ನಡೆಯುತ್ತದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ.

ನಿಯಮಗಳೂ ಬದಲಾಗಬಲ್ಲವು. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಆಮೇಲೆ ಅಲ್ಲಿ ಬೆವರಿಳಿಸುವ ರಬ್ಬರ್ ಉಡುಪು ನಿಷೇಧವಾಯಿತು, ತೂಕ ನೋಡುವ ಹೊತ್ತು ಪಂದ್ಯಕ್ಕೆ ಹತ್ತಿರವಾಯಿತು. ಕಬಡ್ಡಿ ಟೂರ್ನಿ ನಡೆಸುವ ನಮ್ಮ ಸಂಘಟಕರು ಇವೆರಡನ್ನು ಈ ವರ್ಷವೇ ಜಾರಿಗೆ ತರಬಹುದು.