ಹೆಬ್ಬೆಟ್ಟಿಗೆ ಎರಡನೆಯ ಬೀಗ ಬೇಕು

ಬೆರಳಚ್ಚಿನ ಮೂಲಕ ಮನುಷ್ಯನನ್ನು ಗುರುತಿಸುವ ಪದ್ಧತಿ ನಮ್ಮ ಆಡಳಿತಕ್ಕೆ ಹೊಸದಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಸ್ಥಾಪನೆಯಾಯಿತು. ಅಂದಿನಿಂದ ಹೆಬ್ಬೆಟ್ಟು ನಡೆದ ವ್ಯವಹಾರಕ್ಕೆ ಸಾಕ್ಷಿಯಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಬ್ಯಾಂಕ್ ಖಾತೆಯ ಕೀಲಿಕೈಯೂ ಆಗಿದೆ. ತೊಡಕು ಇರುವುದು ಇಲ್ಲಿಯೇ.

ಗಣಕಯಂತ್ರಕ್ಕೆ ಬೆರಳಚ್ಚನ್ನು ಜೋಡಿಸಿದ ಕೀರ್ತಿ ಕರ್ನಾಟಕದ 'ಭೂಮಿ' ಯೋಜನೆಗೂ ಸಲ್ಲಬೇಕು. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದಾಗ, ದಾಖಲೆಯನ್ನು ತಿದ್ದುವ ನೌಕರ ಗುಪ್ತಪದದ ಜೊತೆಗೆ ತನ್ನ ಬೆರಳನ್ನೂ ಒತ್ತಬೇಕಾಯಿತು. 'ನನ್ನ ಪಾಸ್‌ವರ್ಡ್ ಯಾರೋ ಬಳಸಿದರು' ಎಂದು ಜಾರಿಕೊಳ್ಳುವ ದಾರಿ ಮುಚ್ಚಿತು. ನಿಟ್ಟೂರು ಹೋಬಳಿಯ ರೈತನಾದರೋ ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ತೆತ್ತು ಪಹಣಿ ಪಡೆಯುತ್ತಿದ್ದ. ಅವನ ಬೆರಳನ್ನು ಯಾರೂ ಕೇಳಲಿಲ್ಲ. ಅಧಿಕಾರವುಳ್ಳವನನ್ನು ಉತ್ತರದಾಯಿಯಾಗಿಸಲು ಬಯೊಮೆಟ್ರಿಕ್ ಬಳಕೆಯಾದ ಆ ವ್ಯವಸ್ಥೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆಧಾರ್ ಬಂದ ಮೇಲೆ ದಿಕ್ಕು ಬದಲಾಯಿತು. 2010ರಲ್ಲಿ ರಾಜ್ಯದಲ್ಲಿ ಮೊದಲಿಗೆ ನೋಂದಣಿ ನಡೆದದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಈಗ ಪಡಿತರದ ಅಂಗಡಿಯಲ್ಲೂ ಹಳ್ಳಿಯ ಬ್ಯಾಂಕ್ ಮಿತ್ರನ ಬಳಿಯಲ್ಲೂ ಬೆರಳು ಒತ್ತಬೇಕಾದವನು ಪ್ರಜೆ. ನಿಟ್ಟೂರಿನ ಸುತ್ತಿನ ತೆಂಗು, ಅಡಿಕೆಯ ಸೀಮೆಯಲ್ಲಿ ಅಡಿಕೆ ಸುಲಿದು, ಕಾಯಿ ಬಿಡಿಸಿ ಬೆರಳಿನ ಗೆರೆ ಸವೆದ ಮುದುಕಿಯರನ್ನು ಯಂತ್ರ ಹಲವು ಬಾರಿ ಒಪ್ಪುವುದಿಲ್ಲ. ನಿಜವಾದ ಬೆರಳನ್ನು ತಿರಸ್ಕರಿಸುವ ಯಂತ್ರ ನಕಲಿ ಬೆರಳನ್ನು ಒಪ್ಪಿದರೆ?

ಹಾಗೆಯೇ ಆಯಿತು. 2001ರ ತಿದ್ದುಪಡಿಯ ಪ್ರಕಾರ ಕ್ರಯಪತ್ರದ ನೋಂದಣಿಗೆ ಮಾರುವವರ ಮತ್ತು ಕೊಳ್ಳುವವರ ಭಾವಚಿತ್ರ, ಬೆರಳಚ್ಚು ಕಡ್ಡಾಯ. 2023ರಲ್ಲಿ ನೋಂದಣಿ ಇಲಾಖೆಯ 'ಕಾವೇರಿ' ತಾಣದಲ್ಲಿ ದೊರೆಯುತ್ತಿದ್ದ ಇಂಥ ಪತ್ರಗಳಿಂದ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಎತ್ತಿಕೊಂಡ ವಂಚಕರು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದರು. ಬೆಂಗಳೂರಿನಲ್ಲಿ ದೂರುಗಳು ಸಾಲುಗಟ್ಟಿದವು. ಆ ವ್ಯವಸ್ಥೆಗೆ ಬೇಕಾಗಿದ್ದುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟೇ. ಒಟಿಪಿಯಾಗಲಿ, ಪಿನ್ ಆಗಲಿ ಇಲ್ಲ. ಬಳಿಕ ಇಲಾಖೆ ಪತ್ರಗಳಲ್ಲಿನ ಅಚ್ಚುಗಳನ್ನು ಮರೆಮಾಡಲು ಮುಂದಾಯಿತು. ಅದೇ ವರ್ಷ ಪ್ರಾಧಿಕಾರವು ಜೀವಂತ ಬೆರಳನ್ನು ಪತ್ತೆಹಚ್ಚುವ ತಂತ್ರವನ್ನೂ ತಂದಿತು. ಒಳ್ಳೆಯದೇ. ಆದರೆ ಕದ್ದ ಗುಪ್ತಪದವನ್ನು ಬದಲಿಸಬಹುದು, ಹತ್ತು ಬೆರಳುಗಳನ್ನು ಬದಲಿಸುವುದೆಂತು?

ಭದ್ರತಾ ತಜ್ಞರು ಪ್ರವೇಶದ ಪುರಾವೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ತಿಳಿದದ್ದು, ಬಳಿಯಲ್ಲಿರುವುದು, ದೇಹದಲ್ಲಿರುವುದು. ಎಟಿಎಂಗೆ ಕಾರ್ಡೂ ಬೇಕು, ಪಿನ್ನೂ ಬೇಕು. ನಗರವಾಸಿಯ ಹಣಕ್ಕೆ ಎರಡು ಬೀಗ, ಹಳ್ಳಿಯ ಪಿಂಚಣಿಗೆ ಒಂದೇ ಬೀಗ ಎಂಬ ಏರ್ಪಾಡು ನ್ಯಾಯವಲ್ಲ. ಮೊಬೈಲ್ ಇಲ್ಲದ ಮುದುಕಿಗೆ ಒಟಿಪಿ ಕಡ್ಡಾಯ ಮಾಡಿದರೆ ಅವಳ ಹಣ ಅವಳಿಗೇ ಸಿಗದು ಎಂಬ ಆಕ್ಷೇಪ ಸಹಜ. ನಾಲ್ಕು ಅಂಕಿಗಳ ಪಿನ್‌ಗೆ ಮೊಬೈಲ್ ಬೇಕಿಲ್ಲ. ಬೆರಳೂ ಪಿನ್ನೂ ಕೈಕೊಟ್ಟ ದಿನ ಶಾಖೆಯಲ್ಲಿ ಮುಖ ಕಂಡು, ಸಹಿ ಮಾಡಿಸಿ ಹಣ ಕೊಡುವ ಕೈಪುಸ್ತಕವೂ ಇರಲಿ. ಬೆರಳಿನಿಂದ ಹಣ ತೆಗೆಯುವ ಸೌಲಭ್ಯ ಗ್ರಾಹಕ ಕೇಳಿದ ಮೇಲಷ್ಟೇ ತೆರೆಯಬೇಕು. ಆಧಾರ್‌ನಲ್ಲಿ ಬಯೊಮೆಟ್ರಿಕ್ ಬೀಗದ ವ್ಯವಸ್ಥೆ ಈಗಲೂ ಇದೆ; ಆದರೆ ಬೀಗ ಹಾಕಿದರೆ ಪಡಿತರದ ಯಂತ್ರವೂ ಬೆರಳನ್ನು ನಿರಾಕರಿಸುತ್ತದೆ. ಹಣಕ್ಕೊಂದು, ಅಕ್ಕಿಗೊಂದು ಬೀಗ ಬೇರೆಯಾಗಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು. ನಷ್ಟವನ್ನು ಕಡಿಮೆ ಖರ್ಚಿನಲ್ಲಿ ತಡೆಯಬಲ್ಲವನ ಮೇಲೆಯೇ ಅದರ ಹೊಣೆ ಬೀಳಬೇಕು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಪಾವತಿ ನಡೆಸುವ ಏಜೆಂಟರ ಹಿನ್ನೆಲೆ ಪರಿಶೀಲನೆಗೆ ಬ್ಯಾಂಕುಗಳನ್ನು ಹೊಣೆಯಾಗಿಸಿತು. ಹೆಜ್ಜೆ ಸರಿಯಾಗಿದೆ, ಸಾಲದು. ಮೂರನೆಯವರ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟವಿಲ್ಲ ಎಂದು ಅದರ 2017ರ ಸುತ್ತೋಲೆ ಹೇಳಿತ್ತು. ಆ ಗಡುವು ಬ್ಯಾಂಕಿನ ಸಂದೇಶ ತಲುಪಿದ ದಿನದಿಂದ ಆರಂಭ. ಸಂದೇಶ ಓದಲಾಗದವರ, ಖಾತೆಗೆ ಜೋಡಿಸಿದ ಮೊಬೈಲು ಊರು ಬಿಟ್ಟ ಮಗನ ಕೈಯಲ್ಲಿರುವವರ ಪಾಲಿಗೆ ಅದನ್ನು ಪಾಸ್‌ಬುಕ್ ಬರೆಸಿದ ದಿನದಿಂದ ಎಣಿಸಬೇಕು.